ಮಯೂರ ಹುಟ್ಟರಸನೋ, ಕತ್ತಿಯರಸನೋ? ನಾಲ್ಕೂರ ಪ್ರೇಕ್ಷಕರ ಪಂಚಾಯ್ತಿ!

ಅಭಿಮಾನಿ ಮಿತ್ರರೇ, ನಿಮಗೊಂದು ಪ್ರಶ್ನೆ. ಕಂಚಿಯಲ್ಲಿ ಅವಮಾನ ನುಂಗಲಾರದೆ ಕತ್ತಿ ಹಿಡಿದನಲ್ಲ ಆ ಹುಡುಗ, ಅವನು ಬನವಾಸಿಯ ಗದ್ದುಗೆ ಏರಿದ್ದು ಯಾವ ಹಕ್ಕಿನಿಂದ? ಅರಸನ ಹೊಟ್ಟೆಯಲ್ಲಿ ಹುಟ್ಟಿದ ಹಕ್ಕಿನಿಂದಲೋ, ತನ್ನ ರಟ್ಟೆಯ ಹಕ್ಕಿನಿಂದಲೋ? ಅವಸರ ಬೇಡ. ಬಸ್ಸು ಬರುವುದು ಇನ್ನೂ ತಡ. ನಿಧಾನಕ್ಕೆ ಯೋಚಿಸಿ.

ನಾನು ಹೇಳುತ್ತಿರುವುದು ‘ಮಯೂರ’ನ ಮಾತು. 1975ರಲ್ಲಿ ತೆರೆಗೆ ಬಂದ ಚಿತ್ರ. ದೇವುಡು ನರಸಿಂಹಶಾಸ್ತ್ರಿಗಳ ಕಾದಂಬರಿ, ವಿಜಯ್ ನಿರ್ದೇಶನ, ಜಿ.ಕೆ. ವೆಂಕಟೇಶ್ ಸಂಗೀತ, ಚಿ. ಉದಯಶಂಕರ್ ಹಾಡು. ಅಣ್ಣಾವ್ರ ಎದುರು ಮಂಜುಳಾ, ಜೊತೆಗೆ ಶ್ರೀನಾಥ್, ಅಶ್ವತ್ಥ್, ಗುಡುಗುವುದಕ್ಕೆ ವಜ್ರಮುನಿ! ಕತ್ತಿವರಸೆ, ಕುಸ್ತಿ, ಕುದುರೆ, ಶತ್ರುವಿನ ಮನೆಯ ರಾಜಕುಮಾರಿ... ಇನ್ನೇನು ಬೇಕು? 2025ಕ್ಕೆ ಆ ಚಿತ್ರಕ್ಕೆ ಭರ್ತಿ ಐವತ್ತು ತುಂಬಿತು. ಬೆಂಗಳೂರಿನವರು ಅದರ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ, ಮಾತಾಡಿದ್ದಾರೆ. ಬನವಾಸಿಗೆ ಅವರಿಗಿಂತ ಎಷ್ಟೋ ಹತ್ತಿರ ಇರುವ ನಮ್ಮ ಧಾರವಾಡ ಜಿಲ್ಲೆಯ ಹಳ್ಳಿಯ ಮಂದಿಯನ್ನು ಯಾರು ಕೇಳಿದರು? ಯಾರೂ ಇಲ್ಲ! ಅದಕ್ಕೇ ಚೀಲ ಹೆಗಲಿಗೇರಿಸಿ ನಾನೇ ಹೊರಟೆ. ಕುಂದಗೋಳ, ಅಣ್ಣಿಗೇರಿ, ನವಲಗುಂದ, ಕಲಘಟಗಿ. ನಾಲ್ಕು ಊರು, ನಾಲ್ಕು ದಿನ, ಲೆಕ್ಕವಿಲ್ಲದಷ್ಟು ಚಹಾ.

ಹಿರಿಯರು ಈ ಚಿತ್ರ ನೋಡಿದ್ದು ಒಂದೋ ಹುಬ್ಬಳ್ಳಿಗೆ ಹೋಗಿ, ಇಲ್ಲವೇ ಊರ ಹೊರಗಿನ ಟೆಂಟಿನಲ್ಲಿ ನೆಲದ ಟಿಕೀಟು ತೆಗೆದು. ಆಗ ಟೆಂಟಿಗೆ ಹೊಸ ಚಿತ್ರ ಬರುವ ಹೊತ್ತಿಗೆ ಅದು ಹಳೆಯದಾಗಿರುತ್ತಿತ್ತು, ರೀಲು ಸವೆದು ತೆರೆಯ ಮೇಲೆ ಮಳೆ ಸುರಿಯುತ್ತಿತ್ತು. ಹುಡುಗರು ನೋಡಿದ್ದು ಟಿ.ವಿ.ಯಲ್ಲಿ, ಈಗೀಗ ಅಂಗೈಯ ಮೊಬೈಲಿನಲ್ಲಿ. ಎರಡು ತಲೆಮಾರಿಗೂ ಜಗಳ ಮಾತ್ರ ಒಂದೇ!

ಕುಂದಗೋಳದಲ್ಲಿ ಜಗಳ ಶುರುವಾಗಿದ್ದು ಹಾಡಿನಿಂದ. ಆಗಲೇಬೇಕಲ್ಲ, ಸವಾಯಿ ಗಂಧರ್ವರ ಊರು ಅದು. ಭೀಮಸೇನ ಜೋಶಿಯವರು, ಗಂಗೂಬಾಯಿ ಹಾನಗಲ್ಲರು ಕಲಿತದ್ದು ಅವರ ಹತ್ತಿರ. ಈ ಊರಿನ ಮಂದಿಯ ಕಿವಿ ಹಂಗೆ ಸುಮ್ಮನೆ ಒಪ್ಪುವ ಕಿವಿ ಅಲ್ಲ. ಬಸ್‌ ಸ್ಟ್ಯಾಂಡಿನ ಬಾಜೂ ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದ ಎಪ್ಪತ್ತು ದಾಟಿದ ಹಿರಿಯರೊಬ್ಬರು ಕೇಳಿದ ಕೂಡಲೇ ಶುರು ಮಾಡಿದರು:

“ನೋಡ್ರಿ, ಅದಕ್ಕಿಂತ ಮೊದಲ ಅವ್ರ ಬಾಯಿ ಬ್ಯಾರೆ, ಪಿ.ಬಿ. ಶ್ರೀನಿವಾಸ ಅವ್ರ ದನಿ ಬ್ಯಾರೆ. ಶ್ರೀನಿವಾಸ ಅವ್ರೂ ಛಲೋನ ಹಾಡ್ತಿದ್ರು, ಇಲ್ಲ ಅನ್ನಂಗಿಲ್ಲ. ಆದ್ರ ‘ಮಯೂರ’ದಾಗ ಮಾತಾಡಿದ ದನೀನ ಹಾಡ್ತದ. ಅರಸ ಮಂದಿಗೆ ಧೈರ್ಯ ಹೇಳೂಮುಂದ ಇನ್ನೊಬ್ರ ದನಿ ಎರವಲ ತಂದ್ರ ನಡೀತೈತೇನ್ರೀ?”

ಮಾತು ಖರೆ. 1974ರ ‘ಸಂಪತ್ತಿಗೆ ಸವಾಲ್’ನಿಂದ ರಾಜಕುಮಾರ್ ತಮ್ಮ ಪಾತ್ರಕ್ಕೆ ತಾವೇ ಹಾಡತೊಡಗಿದ್ದು; ‘ಮಯೂರ’ ಅದರ ಬೆನ್ನಿಗೇ ಬಂತು. ಜನರ ನಡುವೆ ನಿಂತು ಸಮಾಧಾನ ಹೇಳುವ ಆ ಹಾಡು ಯಾವುದೆಂದು ನಾನು ಹೇಳಬೇಕಾಗಿಲ್ಲ. ನವೆಂಬರ ಒಂದಕ್ಕೆ ಯಾವ ಊರಿನ ಆರ್ಕೆಸ್ಟ್ರಾಕ್ಕೆ ಹೋದರೂ ಎರಡನೆಯದೋ ಮೂರನೆಯದೋ ಅದೇ! ಅಂದಹಾಗೆ, ಭೀಮಸೇನರು ಕನ್ನಡ ಸಿನಿಮಾಕ್ಕೆ ಹಾಡಿದ್ದೂ ರಾಜಕುಮಾರರ ಚಿತ್ರಕ್ಕೇ, 1966ರ ‘ಸಂಧ್ಯಾರಾಗ’ಕ್ಕೆ. ಅದೂ ಕಾದಂಬರಿಯೇ, ಅ.ನ.ಕೃ. ಅವರದು. ಕುಂದಗೋಳದವರು ಇದನ್ನು ನನಗೆ ಮೂರು ಸಲ ಹೇಳಿದರು.

ಅದೇ ಊರಿನ ಗರಡಿಮನೆಯ ಹುಡುಗರಿಗೆ ಹಾಡು ಗೀಡು ಬೇಕಿಲ್ಲ. ಅವರಿಗೆ ಬೇಕಾದದ್ದು ಕುಸ್ತಿ. “ಸರ, ಅಂವ ಕಂಚಿಯೊಳಗ ಪೈಲ್ವಾನನ್ನ ಚಿತ್ ಮಾಡ್ತಾನಲ್ರೀ, ಅಲ್ಲೀತನಾ ನಮ್ಮಂವ. ಓದಾಕ ಹೋದ ಹುಡುಗ, ಮೈಯಾಗ ಕಸುವು ಐತಿ, ಯಾರಿಗೂ ಬಗ್ಗಂಗಿಲ್ಲ. ಆಮ್ಯಾಲ ಏನೋ ಅಂವ ಅರಸನ ಮಗಾ ಅಂತ ಗೊತ್ತಾಕ್ಕೈತಿ ನೋಡ್ರಿ, ಅಲ್ಲಿ ಸಪ್ಪಗಾತು!”

ಬಂತಲ್ಲ ಮಾತು ಗಂಟಿಗೆ!

ಚಿತ್ರ ನೋಡಿದ ನಿಮಗೆಲ್ಲ ಗೊತ್ತು. ಬ್ರಾಹ್ಮಣರ ಮನೆಯಲ್ಲಿ ಬೆಳೆದ ಮಯೂರಶರ್ಮ ನಿಜಕ್ಕೂ ಪಲ್ಲವರ ಕೈಯಲ್ಲಿ ಸತ್ತ ಕದಂಬ ಅರಸನ ಮಗ ಎಂಬ ಗುಟ್ಟು ನಡುವೆ ಬಿಚ್ಚಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಅವನ ಕತ್ತಿಗೆ ಎರಡು ಕೆಲಸ, ನಾಡು ಬಿಡಿಸುವುದು ಮತ್ತು ಅಪ್ಪನ ಸೇಡು. ಈ ಗುಟ್ಟು ಬೇಕಿತ್ತೋ ಬೇಡವೋ ಎಂಬುದೇ ನಾಲ್ಕೂ ಊರುಗಳಲ್ಲಿ ನನ್ನ ಚಹಾ ಆರಿಸಿದ ಪ್ರಶ್ನೆ.

ಅಣ್ಣಿಗೇರಿಯಲ್ಲಿ ಇದಕ್ಕೆ ಒಬ್ಬ ಒಳ್ಳೇ ವಕೀಲರು ಸಿಕ್ಕರು. ಹಂಗಂದರೆ ಕೋರ್ಟಿನ ವಕೀಲರಲ್ಲ, ರಿಟೈರ್ ಆದ ಕನ್ನಡ ಮಾಸ್ತರು. ಅಮೃತೇಶ್ವರ ಗುಡಿಯ ನೆರಳಿನಲ್ಲಿ ಕೂರಿಸಿಕೊಂಡು ಮೊದಲು ನನಗೇ ಪರೀಕ್ಷೆ ಇಟ್ಟರು. “ಬನವಾಸಿ ಅಂದ ಕೂಡ್ಲೇ ನಿಮಗ ರಾಜಕುಮಾರ ನೆನಪಾಗ್ತಾರ, ನಮಗ ಪಂಪ ನೆನಪಾಗ್ತಾನ. ಯಾಕ ಹೇಳ್ರಿ?” ಉತ್ತರ ಅವರೇ ಹೇಳಿದರು. ಪಂಪನ ತಾಯಿಯ ಕಡೆಯವರು ಅಣ್ಣಿಗೇರಿಯವರು. ಅವನ ತಮ್ಮ ಜಿನವಲ್ಲಭ ಹಾಕಿಸಿದ ಶಾಸನದಲ್ಲೇ ಊರ ಹೆಸರು ಇದೆ. ಅರಸು ಎಲ್ಲಿಯವನಾದರೇನು, ಪಂಪನ ಜೀವ ಮಿಡಿದದ್ದು ಬನವಾಸಿಗೆ. ‘ವಿಕ್ರಮಾರ್ಜುನ ವಿಜಯ’ ಬರೆದದ್ದು 941ರ ಸುಮಾರಿಗೆ, ಅಂದರೆ ಮಯೂರನಿಗಿಂತ ಆರುನೂರು ವರ್ಷ ಆಚೆಗೆ. ಆಗಲೂ ಆ ನಾಡಿನ ಮೋಹ ಹೋಗಿರಲಿಲ್ಲ!

ಆಮೇಲೆ ವಿಷಯಕ್ಕೆ ಬಂದರು. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲೂಕಿನಲ್ಲಿ ತಾಳಗುಂದ ಎಂಬ ಊರು. ಅಲ್ಲಿ ಪ್ರಣವೇಶ್ವರ ಗುಡಿಯ ಮುಂದೆ ಒಂದು ಕಲ್ಲಿನ ಕಂಬ. ಮಯೂರನ ವಂಶದ ಶಾಂತಿವರ್ಮನ ಕಾಲದಲ್ಲಿ, ಐದನೇ ಶತಮಾನದಲ್ಲಿ, ಕುಬ್ಜ ಎಂಬ ಕವಿ ಬರೆದ ಸಂಸ್ಕೃತದ ಶಾಸನ ಆ ಕಂಬದ ಮೇಲಿದೆ. ಅದರಲ್ಲಿರುವ ಕಥೆ ಕೇಳಿ. ಮನೆಯ ಹತ್ತಿರ ಕದಂಬದ ಗಿಡ ಇತ್ತು, ಅದನ್ನು ಸಾಕಿದ್ದರಿಂದ ಮನೆತನಕ್ಕೆ ಆ ಹೆಸರು. ವೇದ ಓದುವ ಬ್ರಾಹ್ಮಣರ ಮನೆ. ಮಯೂರಶರ್ಮ ಗುರು ವೀರಶರ್ಮನ ಜೊತೆ ಓದಿಗೆಂದು ಕಂಚಿಯ ಘಟಿಕೆಗೆ ಹೋದ. ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳ. ನೊಂದ. ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದ. ಗಡಿ ಕಾಯುವವರನ್ನು ಸೋಲಿಸಿ ಶ್ರೀಶೈಲದವರೆಗಿನ ಕಾಡು ಹೊಕ್ಕ, ಬಾಣರಿಂದ ಕಪ್ಪ ವಸೂಲು ಮಾಡಿದ, ಕಡೆಗೆ ಪಲ್ಲವರೇ ಇವನನ್ನು ಅರಸನೆಂದು ಒಪ್ಪಿ ಪಟ್ಟ ಕಟ್ಟಿದರು. ಇದು ನಡೆದದ್ದು ಸುಮಾರು ಕ್ರಿ.ಶ. 345ರಲ್ಲಿ.

“ಇದರಾಗ ಎಲ್ಲಿದಾನ ಅರಸ ಅಪ್ಪ?” ಮಾಸ್ತರು ತೊಡೆ ತಟ್ಟಿಕೊಂಡರು. “ಒಬ್ಬ ಓದೋ ಹುಡುಗ. ಊರು ಸಣ್ಣದು. ಅವಮಾನ ಆತು, ಎದ್ದು ನಿಂತ. ಇದಕ್ಕಿಂತ ದೊಡ್ಡ ಕಥಿ ಯಾವುದ್ರೀ? ಅವನ ಮಮ್ಮಗನ ಮಮ್ಮಗನ ಕಾಲದಾಗ, ಅವನ ಮನೆತನದವ್ರೇ, ನಮ್ಮ ಹಿರ್ಯಾ ಅರಸನ ಮಗಾ ಅಂತ ಕಲ್ಲಿನ ಮ್ಯಾಲ ಬರಸ್ಬಹುದಿತ್ತು. ಬರಸ್ಲಿಲ್ಲ! ಬಡ ಬ್ರಾಹ್ಮಣ ಕತ್ತಿ ಹಿಡದಾ ಅಂತನ ಬರಸಿದ್ರು. ಅವ್ರಿಗೆ ನಾಚಿಕಿ ಆಗಲಿಲ್ಲ. ಸಿನಿಮಾದವ್ರಿಗೆ ಯಾಕ ಬೇಕಾತು?”

ದೇವುಡು ಅವರನ್ನು ಓದಿದವರು ಮಾಸ್ತರು. ಇನ್ನೊಂದು ಮಾತು ಅಂದರು, ಅದನ್ನು ನಾನು ನೋಟ್‌ಬುಕ್ಕಿನಲ್ಲಿ ಎರಡು ಗೆರೆ ಎಳೆದು ಬರೆದುಕೊಂಡೆ. ದೇವುಡು ಬರೆದ ‘ಮಹಾಬ್ರಾಹ್ಮಣ’ ವಿಶ್ವಾಮಿತ್ರನ ಕಥೆ. ಕ್ಷತ್ರಿಯನಾಗಿ ಹುಟ್ಟಿ ಬ್ರಹ್ಮರ್ಷಿಯಾದವನು ಅವನು. ಈ ಮಯೂರ ಕಲ್ಲಿನ ಪ್ರಕಾರ ಅದರ ಉಲ್ಟಾ, ಬ್ರಾಹ್ಮಣನಾಗಿ ಹುಟ್ಟಿ ಕ್ಷತ್ರಿಯನಾದವನು. ಒಂದೇ ಪೆನ್ನಿನಿಂದ ಎರಡು ಕಡೆಯ ದಾಟು! ‘ಮಹಾಕ್ಷತ್ರಿಯ’ಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1962ರಲ್ಲಿ, ಅದೇ ವರ್ಷ ಅವರು ತೀರಿಕೊಂಡರು. ತೆರೆಯ ಮೇಲೆ ಮಯೂರ ಕುದುರೆ ಏರಿದ್ದನ್ನು ನೋಡಲು ಅವರು ಇರಲಿಲ್ಲ.

ಮಾಸ್ತರ ವಾದ ಮುಗಿಯುವುದನ್ನೇ ಕಾಯುತ್ತಿದ್ದರು ಪಕ್ಕದಲ್ಲಿ ಕೂತ ಕಿರಾಣಿ ಅಂಗಡಿಯ ಯಜಮಾನರು. “ಮಾಸ್ತರ, ನೀವು ಕಲ್ಲು ಓದೀರಿ, ನಾವು ಟಿಕೀಟು ತಗದೀವಿ. ಅಪ್ಪನ್ನ ಕೊಂದವ್ರ ಮುಂದ ಮಗಾ ಕತ್ತಿ ಹಿಡದು ನಿಂತ್ರನ ಹೊಟ್ಟ್ಯಾಗ ಕಿಚ್ಚು ಬೀಳೂದು. ಬರೇ ಒಬ್ಬ ಸವಾರ ಬೈದಾ ಅಂತ ಯಾರರ ರಾಜ್ಯಾ ಕಟ್ತಾರೇನ್ರೀ? ಮತ್ತ ಅಂವ ಅರಸನ ಮಗಾ ಅಲ್ಲಂದ್ರ ಆ ರಾಜಕುಮಾರಿ ಗತಿ ಏನು? ಮಂಜುಳಾನ್ನ ಯಾರಿಗೆ ಕೊಡ್ತೀರಿ?” ಕಟ್ಟೆಯೆಲ್ಲ ನಕ್ಕಿತು. ಮಾಸ್ತರೂ ನಕ್ಕರು, ಆದರೆ ಸೋಲಲಿಲ್ಲ.

ನನಗೆ ಕೇಳಿದರೆ ಯಜಮಾನರ ಮಾತಿನಲ್ಲಿ ಕಂಪನಿ ನಾಟಕದ ನ್ಯಾಯ ಇದೆ. ನಮ್ಮ ಕಡೆಯ ಜನ ದೊಡ್ಡಾಟ, ಸಣ್ಣಾಟ, ಕಂಪನಿ ನಾಟಕ ನೋಡಿ ಬೆಳೆದವರು. ಬೆನ್ನ ಮೇಲಿನ ಮಚ್ಚೆಯೋ ಕೊರಳ ತಾಯಿತವೋ ಕಡೆಯ ಅಂಕದಲ್ಲಿ ಹುಟ್ಟಿನ ಗುಟ್ಟು ಒಡೆದರೇ ಅವರಿಗೆ ತೃಪ್ತಿ. ರಾಜಕುಮಾರರೂ ಗುಬ್ಬಿ ಕಂಪನಿಯ ಮಣ್ಣಿನವರೇ. ಆದರೆ ಆ ನ್ಯಾಯಕ್ಕೆ ಉತ್ತರ ಮರುದಿನ ನವಲಗುಂದದಲ್ಲಿ ಸಿಕ್ಕಿತು.

ನವಲಗುಂದದ ಹೆಸರಿನಲ್ಲೇ ನವಿಲು ಇದೆ. ಇಲ್ಲಿಯ ಜಮಖಾನದಲ್ಲೂ ನವಿಲು ನೇಯುತ್ತಾರೆ. ಮಯೂರ ಅಂದರೂ ನವಿಲೇ. “ನಮ್ಮೂರ ಸಿನಿಮಾ ರೀ ಅದು” ಎಂದು ಒಬ್ಬ ತಮಾಷೆ ಮಾಡಿದ. ಆದರೆ ಗಿರಮಿಟ್ಟು ಮಿರ್ಚಿಯ ಅಂಗಡಿಯಲ್ಲಿ ಸಿಕ್ಕ ಹಿರಿಯ ರೈತರೊಬ್ಬರು ತಮಾಷೆಗೆ ಇಳಿಯಲಿಲ್ಲ.

“ಅಲ್ಲೆ ಅಣ್ಣಿಗೇರ್ಯಾಗ ಯಾರೋ ಕೇಳಿದ್ರಂತಲ್ಲ, ಬರೇ ಬೈದಾರಂತ ಯಾರ ಎದ್ದು ನಿಲ್ತಾರ ಅಂತ. ನಾವು ನಿಂತೇವಿ. 1980ರ ಜುಲೈ 21. ಕಾಲುವಿ ನೀರು ಹೊಲಕ್ಕ ಸರಿಯಾಗಿ ಬರಲಿಲ್ಲ, ಕರ ಮಾತ್ರ ಬಂತು. ನಮ್ಮ ಮಾತು ಯಾರೂ ಕೇಳಲಿಲ್ಲ. ಗೋಳೀಬಾರ ಆತು. ನಮ್ಮಪ್ಪ ಏನು ಅರಸ ಆಗಿದ್ನಾ? ನೆಲದ ಟಿಕೀಟಿನ್ಯಾಗ ಕುಂತು ‘ಮಯೂರ’ ನೋಡೂಮುಂದ ನನಗ ಇಪ್ಪತ್ತು ವರ್ಷ. ಕಂಚಿಯೊಳಗ ಅವ್ನ ಮರ್ಯಾದಿ ಕಳೀತಾರಲ್ಲ, ಅಲ್ಲಿ ನನ್ನ ಮುಷ್ಟಿ ತಾನಾಗೇ ಬಿಗೀತು. ಉಳಿದದ್ದು ನನಗ ನೆನಪ ಇಲ್ಲ.”

ಆಮೇಲೆ ಅವರು ಸುಮ್ಮನೆ ಚಹಾ ಕುಡಿದರು. ನಾನೂ ಸುಮ್ಮನಾದೆ. ಮಲಪ್ರಭೆಯ ಅಚ್ಚುಕಟ್ಟಿನ ಆ ಹೋರಾಟದಲ್ಲಿ ನವಲಗುಂದ, ನರಗುಂದ ಎರಡೂ ಕಡೆ ರಕ್ತ ಹರಿದದ್ದು ನಿಮಗೆ ಗೊತ್ತೇ ಇದೆ. ಇವತ್ತಿಗೂ ಪ್ರತಿ ವರ್ಷ ಆ ದಿನ ರೈತರು ವೀರಗಲ್ಲಿನ ಮುಂದೆ ಸೇರುತ್ತಾರೆ. ಸಿನಿಮಾ ಪುಟದಲ್ಲಿ ಇದೇಕೆ ಅಂತೀರೇನೋ. ಪ್ರೇಕ್ಷಕನ ಅಭಿಪ್ರಾಯ ಅಂದರೆ ಶಿಳ್ಳೆ, ಚಪ್ಪಾಳೆ, ತೂರಿದ ಚಿಲ್ಲರೆ ಮಾತ್ರವೇ? ಬಿಗಿದ ಮುಷ್ಟಿಯೂ ಅಭಿಪ್ರಾಯವೇ ಅಲ್ಲವೇ!

ಅದೇ ಹಿರಿಯರು ಹೊರಡುವಾಗ ಒಂದು ಮಾತು ಸೇರಿಸಿದರು: “1982ರಾಗ ಗೋಕಾಕ್ ಚಳವಳಿಗೆ ರಾಜಕುಮಾರ ಬಂದ್ರಲ್ಲ, ಆವಾಗ ಮಂದಿ ಕೂಡಿದ್ದು ಯಾಕಂತೀರಿ? ಆ ಮನಷ್ಯಾ ಯಾವ ಅರಸನ ಮಗಾ? ನಾಟಕ ಕಂಪನಿ ನಟನ ಮಗಾ. ಸಾಲಿ ಸೈತ ಅರ್ಧಕ್ಕ ಬಿಟ್ಟಂವ. ಅವ್ನ ಕಥೀನ ಅವ್ರು ತಿರಗಿಸಿ ಅರಸನ ಮಗಾ ಮಾಡ್ಯಾರ ನೋಡ್ರಿ!” ಇದಕ್ಕೆ ಅಣ್ಣಿಗೇರಿಯ ಯಜಮಾನರು ಏನು ಉತ್ತರ ಕೊಡುತ್ತಾರೋ, ಈ ಸಂಚಿಕೆ ಅವರಿಗೆ ತಲುಪಿದ ಮೇಲೆ ನೋಡೋಣ.

ಕಲಘಟಗಿಗೆ ಬಂದರೆ ಗಾಳಿಯೇ ಬೇರೆ. ಇಲ್ಲಿಂದ ಮಲೆನಾಡಿನ ಸೆರಗು ಶುರು. ಯಲ್ಲಾಪುರದ ಕಡೆ ಒಂದು ದಾರಿ, ಮುಂಡಗೋಡು ಶಿರಸಿ ದಾಟಿದರೆ ಬನವಾಸಿ. ಬಣ್ಣದ ತೊಟ್ಟಿಲಿಗೆ ಹೆಸರಾದ ಊರು. ತೊಟ್ಟಿಲಿಗೆ ಬಣ್ಣ ಹಚ್ಚುವವರೊಬ್ಬರು ಚಿತ್ರದ ಉಡುಗೆ ತೊಡುಗೆಗೆ ಅಂಕ ಕಡಿಮೆ ಕೊಟ್ಟರು. “ಹೊಳಪು ಭಾಳ ಆತು. ಕಾಡಿನ್ಯಾಗ ಇರೋ ಮನಷ್ಯಾಗ ಅಷ್ಟು ಜರಿ ಯಾಕ?” ಎಂದರು. ನ್ಯಾಯವಾದ ಟೀಕೆ.

ಅವರ ಮನೆಯ ಹಿರಿಯ ಅಮ್ಮನಿಗೆ ಮಾತ್ರ ಮಂಜುಳಾ ಮೇಲೆ ಜೀವ. “‘ಸಂಪತ್ತಿಗೆ ಸವಾಲ್’ದಾಗ ಗಯ್ಯಾಳಿ ಆಗಿದ್ಳು. ಇದರಾಗ ಅರಮನ್ಯಾಗ ಕುಂದ್ರಿಸ್ಯಾರ. ಕುಂತ್ರೂ ಕಣ್ಣಾಗ ಆ ಗಯ್ಯಾಳಿ ಹಂಗ ಅದಾಳ ನೋಡ್ರಿ, ಅದಕ್ಕ ನಂಬಿಕಿ ಬರತೈತಿ. ಅಪ್ಪನ ಮನಿ ವೈರಿಗೆ ಮನಸ ಕೊಡೂದಂದ್ರ ಹುಡಗಾಟಿಕಿ ಅಲ್ಲಪಾ. ಅಂವಗ ಕತ್ತಿ ಐತಿ, ಆಕಿಗೆ ಏನೈತಿ? ಧೈರ್ಯ ಆಕೀದ ಹೆಚ್ಚು.” ಗಂಡಸರ ಕಟ್ಟೆಗಳಲ್ಲಿ ನಾಲ್ಕು ದಿನ ಸುತ್ತಿದರೂ ಈ ಮಾತು ಒಬ್ಬರ ಬಾಯಲ್ಲೂ ಬಂದಿರಲಿಲ್ಲ! ‘ಸಂಪತ್ತಿಗೆ ಸವಾಲ್’ ಮೂಲದಲ್ಲಿ ನಮ್ಮ ಉತ್ತರ ಕರ್ನಾಟಕದ ಪಿ.ಬಿ. ಧುತ್ತರಗಿಯವರ ನಾಟಕ ಎಂಬುದೂ ಆ ಅಮ್ಮನಿಗೆ ಗೊತ್ತಿತ್ತು, ಸಿನಿಮಾಕ್ಕಿಂತ ಮೊದಲು ನಾಟಕವನ್ನೇ ನೋಡಿದ್ದರಂತೆ. ಮಂಜುಳಾ 1986ರಲ್ಲೇ ಹೋದರು. ಆ ಸುದ್ದಿ ಹೇಳುವಾಗ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು, ಮನೆಮಗಳು ಹೋದ ಹಾಗೆ.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಕಾಲೇಜು ಹುಡುಗರ ಗುಂಪು. ಅವರಲ್ಲೊಬ್ಬ ಚೂಟಿ ಹುಡುಗನ ತಕರಾರು ಬೇರೆ: “ಸರ, ಬನವಾಸಿ ಇಲ್ಲೇ ಐತಿ. ಆದ್ರ ಅಂವ ಮೈಸೂರು ಭಾಷಾ ಮಾತಾಡ್ತಾನ. ‘ಏನಪಾ ಪಲ್ಲವ, ಹೆಂಗದೀ’ ಅಂದ್ರ ಏನ ಆಗ್ತಿತ್ತು?” ನಾನು ಹೇಳಿದೆ, ತಮ್ಮಾ, ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಮಯೂರಶರ್ಮನದೇ ಒಂದು ಶಾಸನ ಇದೆ, ಕೆರೆಯ ಬಗ್ಗೆ. ಅದು ಪ್ರಾಕೃತದಲ್ಲಿದೆ. ಮೈಸೂರೂ ಅಲ್ಲ, ಧಾರವಾಡವೂ ಅಲ್ಲ! ಹುಡುಗ ತಲೆ ಕೆರೆದುಕೊಂಡ.

ಇನ್ನೊಬ್ಬನಿಗೆ ‘ಬಾಹುಬಲಿ’ ಹುಚ್ಚು. 2015ರ ಆ ಚಿತ್ರದ ಮುಂದೆ ‘ಮಯೂರ’ದ ಯುದ್ಧ ಊರ ಜಾತ್ರೆಯ ನೂಕುನುಗ್ಗಲು ಇದ್ದ ಹಾಗೆ ಅಂದ. ಅವನ ಪಕ್ಕದವನು ಬಿಡಲಿಲ್ಲ. “ಲೇ, ಕಥಿ ಅದನಲೇ! ಅಲ್ಲೂ ಬ್ಯಾರೆಯವ್ರ ಮನ್ಯಾಗ ಬೆಳದಂವ, ಆಮ್ಯಾಲ ನೋಡಿದ್ರ ಅರಸನ ಮಗಾ. ಎಲ್ಲಾ ಸಿನಿಮಾದಾಗೂ ಅರಸನ ಮಗಾನ ಅರಸ. ನಮ್ಮ ನಿಮ್ಮಂಥವ್ರು ಜೈ ಅನ್ನಾಕ ಅಷ್ಟ. ನೋಡಂಗಿದ್ರ ‘ಸಂಗೊಳ್ಳಿ ರಾಯಣ್ಣ’ ನೋಡು. ರಾಯಣ್ಣ ಅರಸ ಅಲ್ಲ, ಅರಸನ ಮಗಾ ಅಲ್ಲ.” 2012ರಲ್ಲಿ ದರ್ಶನ್ ಮಾಡಿದ ಚಿತ್ರ ಅದು. ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರಲ್ಲಿ. ನಮ್ಮ ಕಡೆಯ ಹುಡುಗರ ಬೈಕಿನ ಹಿಂದೆ ಅವನ ಚಿತ್ರ ಯಾಕೆ ಇಷ್ಟು ಎಂಬುದಕ್ಕೆ ಇದೂ ಒಂದು ಕಾರಣವೇ ಇರಬೇಕು.

ಮೂರನೆಯವನು ಪಕ್ಕದ ರಾಜ್ಯಕ್ಕೇ ಹಾರಿದ. 2022ರಲ್ಲಿ, 2023ರಲ್ಲಿ ಮಣಿರತ್ನಂ ‘ಪೊನ್ನಿಯಿನ್ ಸೆಲ್ವನ್’ ಮಾಡಿದರಲ್ಲ, ಕಲ್ಕಿಯವರ ಕಾದಂಬರಿಯಿಂದ. “ಅವ್ರು ಕಾದಂಬರಿ ಕೈಯಾಗ ಹಿಡಕೊಂಡು ಎರಡು ಭಾಗ ಮಾಡ್ತಾರ. ನಮ್ಮ ‘ಮಯೂರ’ ಇನ್ನೊಮ್ಮೆ ಯಾಕ ಮಾಡಬಾರದು? ಈ ಸಲ ಕಲ್ಲಿನ್ಯಾಗ ಇದ್ದಂಗ ಮಾಡಲಿ.” ಅದೇ ಕಲ್ಕಿಯವರ ‘ಶಿವಕಾಮಿಯ ಶಪಥ’ದಲ್ಲಿ ಪಲ್ಲವರು ನಾಯಕರು, ನಮ್ಮ ಪುಲಿಕೇಶಿ ವೈರಿ. ನಮ್ಮಲ್ಲಿ ಪಲ್ಲವರೇ ವಜ್ರಮುನಿ! ಗಡಿಯ ಆಚೆ ಕೂತು ನೋಡುವವನಿಗೆ ನಮ್ಮ ಚಿತ್ರ ಹೇಗೆ ಕಂಡೀತು ಅಂತ ಕೇಳಿದೆ. “ಅವ್ರ ಪುಸ್ತಕ ಅವ್ರಿಗೆ, ನಮ್ಮ ಸಿನಿಮಾ ನಮಗ” ಅಂದ. ಸಮಾಧಾನದ ಮಾತು.

ನನ್ನ ಮತ ಯಾರಿಗೆ ಅಂತೀರಾ? ಹೇಳಿಬಿಡುತ್ತೇನೆ. ‘ಮಯೂರ’ವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ, ಇನ್ನೂ ನೋಡುತ್ತೇನೆ. ಕಿರೀಟ ಹೊತ್ತು ನಿಂತ ರಾಜಕುಮಾರರ ಆ ನಿಲುವಿನ ಮುಂದೆ ಯಾವ ಕಂಪ್ಯೂಟರ್ ಕೈಚಳಕವೂ ನಿಲ್ಲದು. ‘ರಣಧೀರ ಕಂಠೀರವ’, ‘ಇಮ್ಮಡಿ ಪುಲಿಕೇಶಿ’, ‘ಶ್ರೀಕೃಷ್ಣದೇವರಾಯ’ ಎಲ್ಲದರಲ್ಲೂ ಅವರು ಹುಟ್ಟರಸರು; ಸರಿ, ಅವು ಅರಸರದೇ ಕಥೆ. ಇದೊಂದರಲ್ಲಾದರೂ ಓದಲು ಹೋದ ಹಳ್ಳಿ ಹುಡುಗನಾಗಿಯೇ ಕಿರೀಟದವರೆಗೆ ಹೋಗಬಹುದಿತ್ತು. ಮಾಸ್ತರ ಕಲ್ಲಿಗೆ ನನ್ನ ಓಟು.

ಕಲಘಟಗಿಯ ಹುಡುಗರು ಓಟು ಹಾಕುವುದಕ್ಕೆ ಮೊದಲು ಕಲ್ಲನ್ನು ಕಣ್ಣಾರೆ ನೋಡಬೇಕೆಂದು ಪಟ್ಟು ಹಿಡಿದರು. ಶಿರಸಿ ಮೇಲೆ ಬನವಾಸಿ, ಮಧುಕೇಶ್ವರ ಗುಡಿ ನೋಡಿಕೊಂಡು ಶಿರಾಳಕೊಪ್ಪದ ಕಡೆ ತಿರುಗಿದರೆ ತಾಳಗುಂದ. ಮೂರು ಬೈಕು, ಆರು ಮಂದಿ. ದಿನವೂ ಗೊತ್ತಾಯಿತು. ನಾನು ಬಸ್ಸು ಹತ್ತುವಾಗ ನಡೆದಿದ್ದದ್ದು ಪೆಟ್ರೋಲಿಗೆ ಯಾರು ರೊಕ್ಕ ಕೊಡಬೇಕೆಂಬ ಜಗಳ. ‘ಬಾಹುಬಲಿ’ಯ ಅಭಿಮಾನಿಯೇ ಕೊಡಬೇಕೆಂದು ಐದು ಮಂದಿ ಒಂದಾಗಿದ್ದರು.